ಹೊಟ್ಟೆನೋವಿನ ನೆಪ ಹೇಳಿದ ಪಂಡಿತ

ತಮ್ಮಾ,

ಗುರುವಾರ ಮಠದಾಗ ಮಕ್ಕಳಿಗೆ ನಾಲ್ಕು ದಾಸರ ಪದ ಹೇಳಿಕೊಡು ಅಂದದ್ದಕ್ಕೆ, "ಒಲ್ಲೆ ಅಜ್ಜಾ, ಮನೆಯಾಗ ಅವ್ವನ ಮೇಲೆ ಹಾರಾಡಿ ಬಂದು ಅಲ್ಲಿ ದೇವರ ನಾಮ ಕಲಿಸೋದು ಯಾವ ನ್ಯಾಯ?" ಅಂದೆಯಂತೆ. ನಿನ್ನ ಅಳುಕು ಸುಳ್ಳಲ್ಲ. ಆದರೆ ಅದನ್ನೇ ಹೊದ್ದು ಮಲಗಬೇಡ.

ನಮ್ಮ ಮಾನ್ವಿ ಸೀಮೆಯವರೇ ಆದ ಶ್ರೀನಿವಾಸಾಚಾರ್ಯರ ಕಥೆ ಕೇಳು. ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಾಗ ಹಾಡಿಕೊಂಡು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುವ ದಾಸರೆಂದರೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದರು. ಹೋಗಲಿಕ್ಕೆ ಮನಸ್ಸಿಲ್ಲ. ಹೊತ್ತು ಮೀರಿ ಉಂಡರೆ ನನಗೆ ಹೊಟ್ಟೆನೋವು ಬರುತ್ತದೆ ಎಂದು ನೆಪ ಹೇಳಿ ಕಳಿಸಿದರು. ಆಮೇಲೆ ಆ ನೋವು ನಿಜವಾಗಿಯೇ ಬಂದು ಹಿಡಿದುಕೊಂಡಿತು ಎನ್ನುತ್ತದೆ ದಾಸಪರಂಪರೆ. ಕಡೆಗೆ ವಿಜಯದಾಸರ ಶಿಷ್ಯರಾದ ಗೋಪಾಲದಾಸರ ಬಾಗಿಲಿಗೆ ಹೋದರು. ಅವರು ಕೊಟ್ಟದ್ದು ಜೋಳದ ರೊಟ್ಟಿ. ಅದರ ಜೊತೆಗೆ ತಮ್ಮ ಆಯುಸ್ಸಿನಲ್ಲಿ 40 ವರ್ಷವನ್ನೂ ಧಾರೆ ಎರೆದರಂತೆ.

ಪವಾಡವನ್ನು ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ನನ್ನನ್ನು ಹಿಡಿದು ನಿಲ್ಲಿಸುವುದು ಆ ನಡಿಗೆ. ಯಾರನ್ನು ಹೀಗಳೆದಿದ್ದರೋ ಅಂಥವರ ಹೊಸ್ತಿಲಿಗೇ ನೋಯುವ ಹೊಟ್ಟೆ ಹಿಡಿದುಕೊಂಡು ಹೋಗಬೇಕಲ್ಲ! ಸೊಕ್ಕು ಪೂರ್ತಿ ಇಳಿದ ಮೇಲೆ ಹೋದರಾಯಿತು ಎಂದು ಕೂತಿದ್ದರೆ ಏನಾಗುತ್ತಿತ್ತೋ.

ಆ ಶ್ರೀನಿವಾಸಾಚಾರ್ಯರೇ ಜಗನ್ನಾಥದಾಸರಾದರು. 'ಹರಿಕಥಾಮೃತಸಾರ' ಬರೆದರು: 32 ಸಂಧಿ, ಭಾಮಿನಿ ಷಟ್ಪದಿ, ಎಲ್ಲ ಕನ್ನಡ. ಅದರಾಗ ತುಂಬಿರುವುದೇನು? ಯಾವ ಶಾಸ್ತ್ರ ಓದಿ ಅವರು ಬೀಗಿದ್ದರೋ ಅದೇ ಶಾಸ್ತ್ರ. ದೇವರು ಆ ಓದನ್ನು ಕಿತ್ತುಕೊಳ್ಳಲಿಲ್ಲ. ಅದರ ಮುಖ ತಿರುಗಿಸಿದ, ಅಷ್ಟೆ.

ಇನ್ನು ನನ್ನದು. ನಿನ್ನ ಸಿಟ್ಟು ಯಾರ ಕಡೆಯಿಂದ ಬಂತು ಅಂದುಕೊಂಡೆ? ಸುಮಾರು 30 ವರ್ಷದ ಹಿಂದೆ, ಶ್ರಾವಣ ಶನಿವಾರದ ಭಜನೆ. ಒಬ್ಬ ಸಣ್ಣ ಹುಡುಗ ಮತ್ತೆ ಮತ್ತೆ ತಾಳ ತಪ್ಪಿಸುತ್ತಿದ್ದ. ಎಲ್ಲರೆದುರಿಗೆ ಕೈಯಿಂದ ತಾಳ ಕಸಿದೆ. ದಾರ ಬೆರಳಿಗೆ ಸುತ್ತಿಕೊಂಡಿತ್ತು, ಎಳೆದ ರಭಸಕ್ಕೆ ಕೆಂಪು ಗೆರೆ ಎದ್ದಿತು. ಹುಡುಗ ಅಳಲಿಲ್ಲ, ಬೆರಳನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡ. ಮುಂದಿನ ವಾರ ಬರಲಿಲ್ಲ.

ಎರಡು ದಿನ ಅವರ ಮನೆ ಮುಂದೆ ಹಾದು ಹೋಗಿ ಮೂರನೆಯ ದಿನ ಕಟ್ಟೆಯ ಮೇಲೆ ಕೂತೆ. ಅವರವ್ವ ಚಹಾ ತಂದಿಟ್ಟರು. ತಪ್ಪಾಯಿತು ಎನ್ನಲಿಕ್ಕೆ ಬಾಯಿ ಬರಲೊಲ್ಲದು. ಹುಡುಗನೇ ಹತ್ತಿರ ಬಂದು, "ಕಾಕಾ, ಹಾಡು ಜೋರಾದಾಗ ತಾಳ ಹೆಂಗ ಹಿಡೀಬೇಕು?" ಅಂದ. ಅವನ ಎರಡೂ ಕೈ ಹಿಡಿದು ಹೊತ್ತು ಮುಳುಗುವತನಕ ಹೇಳಿಕೊಟ್ಟೆ. ತಪ್ಪಾಯಿತೆಂಬ ಮಾತು ಏಳುವಾಗ ಬಂತು.

ಸಿಟ್ಟು ಹೋಯಿತೇ? ನಿಮ್ಮ ಅಜ್ಜಿಯನ್ನು ಕೇಳು, ನಗುತ್ತಾಳೆ. ಹಾಗಂತ ನಾನಿರುವುದೇ ಹೀಗೆ ಎಂದು ಮೀಸೆ ತಿರುವುವುದಕ್ಕೂ ಹೋಗಬೇಡ. ಆಚಾರ್ಯರೂ ಮೊದಲು ಬಾಗಿಲು ತಟ್ಟಿಯೇ ಆಮೇಲೆ ಲೇಖನಿ ಹಿಡಿದದ್ದು.

ಗುರುವಾರ ಐದಕ್ಕೆ ಬಾ. ಹೊರಡುವ ಮೊದಲು ಅಡುಗೆಮನೆಗೆ ಹೋಗಿ ಅವ್ವನ ಹತ್ತಿರ ಒಂದು ಗಳಿಗೆ ಕೂತು ಬಾ. ತಾಳದ ದಾರ ಸವೆದಿದೆ, ಅಷ್ಟರೊಳಗೆ ಹೊಸದು ಪೋಣಿಸಿಟ್ಟಿರುತ್ತೇನೆ.