ಬೋಲ್ಟು ಹಿಡಿದಿಡುವುದು ಹೇಗೆ? ಎಂಟನೇ ತರಗತಿಯ ‘ಘರ್ಷಣೆ’ ಘಟಕದ ಒಂದು ಬೋಧನಾನುಭವ

‘ಘರ್ಷಣೆ’ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಬಳಸುವ ಉದಾಹರಣೆಗಳು ಬಹುತೇಕ ಒಂದೇ: ಬಾಳೆಹಣ್ಣಿನ ಸಿಪ್ಪೆ, ಕೇರಂ ಬೋರ್ಡಿನ ಪೌಡರ್, ಸವೆದ ಟೈರು. ಇವೆಲ್ಲ ಜಾರುವುದರ ಉದಾಹರಣೆಗಳು. ಜಾರದಂತೆ ಹಿಡಿದು ನಿಲ್ಲಿಸುವ ಸ್ಥಾಯಿ ಘರ್ಷಣೆಗೆ ಪೆಟ್ಟಿಗೆ ತಳ್ಳುವ ಚಿತ್ರ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಹೀಗಾಗಿ ಮಕ್ಕಳಿಗೆ ಘರ್ಷಣೆ ಎಂದರೆ ಚಲನೆಗೆ ಅಡ್ಡಿ, ಅಷ್ಟೇ. ಚಲನೆಯನ್ನು ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸುವುದೂ ಘರ್ಷಣೆಯೇ ಎಂಬುದನ್ನು ತೋರಿಸಲು ನಾನು ಆರಿಸಿಕೊಂಡದ್ದು ವ್ಯಾನಿನ ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳನ್ನು.

ನನ್ನ ಇಂಟರ್ನ್‌ಶಿಪ್ ಶಾಲೆ ಬ್ಯಾಟರಾಯನಪುರದಲ್ಲಿತ್ತು. ಮೈಸೂರು ರಸ್ತೆಯ ಬ್ಯಾಟರಾಯನಪುರವಲ್ಲ, ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋಗುವಾಗ ಬಳ್ಳಾರಿ ರಸ್ತೆಯಲ್ಲಿ ಸಿಗುವುದು. ತರಗತಿಯ ಹಲವು ಮಕ್ಕಳು ಬರುವುದು ಹಳೆಯ ಓಮ್ನಿ ವ್ಯಾನುಗಳಲ್ಲಿ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದ್ದರೂ ಅಡ್ಡರಸ್ತೆಗಳಲ್ಲಿ ಅವು ಇನ್ನೂ ಓಡುತ್ತಿವೆ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೆ, ತಿರುಗುವುದು ಹಿಂದಿನ ಚಕ್ರ. ನಡುವೆ ಉದ್ದಕ್ಕೂ ಒಂದು ಕಬ್ಬಿಣದ ಕೊಳವೆ ತಿರುಗುತ್ತಿರುತ್ತದೆ. ಅದರ ಹಿಂದಿನ ತುದಿಯ ತಟ್ಟೆ, ಅಂದರೆ ಫ್ಲ್ಯಾಂಜ್, ಡಿಫರೆನ್ಷಿಯಲ್‌ನ ಫ್ಲ್ಯಾಂಜಿಗೆ ನಾಲ್ಕು ಬೋಲ್ಟುಗಳಿಂದ ಸೇರಿರುತ್ತದೆ. ಮುಂದಿನ ಚಕ್ರ ತಿರುಗುವ ಈಗಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಈ ಕೊಳವೆಯೇ ಇಲ್ಲ. ಆದ್ದರಿಂದ ನನಗೆ ಓಮ್ನಿಯೇ ಬೇಕಿತ್ತು.

ಪೂರ್ವಜ್ಞಾನ ಪರೀಕ್ಷೆಗೆ ಕೇಳಿದ್ದು ಒಂದೇ ಪ್ರಶ್ನೆ: ಎರಡು ತಟ್ಟೆಗಳನ್ನು ಬೋಲ್ಟು ಹಾಕಿ ಸೇರಿಸಿದ್ದೇವೆ, ಒಂದನ್ನು ತಿರುಗಿಸಿದರೆ ಇನ್ನೊಂದು ಏಕೆ ತಿರುಗುತ್ತದೆ? “ಬೋಲ್ಟು ತಳ್ಳುತ್ತೆ ಸರ್” ಎಂದು ಇಡೀ ತರಗತಿ ಹೇಳಿತು. ಸಹಪಾಠಿ ಪ್ರಶಿಕ್ಷಣಾರ್ಥಿಗಳನ್ನು ಕೇಳಿದಾಗಲೂ ಇದೇ ಉತ್ತರ ಬಂತು. ಇದು ಕಡೆಗಣಿಸುವ ತಪ್ಪಲ್ಲ. ಇಂಥ ಜೋಡಣೆಗಳಲ್ಲಿ ಬೋಲ್ಟಿನ ಕೆಲಸ ತಳ್ಳುವುದಲ್ಲ, ಎರಡು ತಟ್ಟೆಗಳನ್ನು ಒತ್ತಿ ಹಿಡಿಯುವುದು. ಒತ್ತಿದ ಮುಖಗಳ ನಡುವಿನ ಘರ್ಷಣೆಯೇ ತಿರುಗುಬಲವನ್ನು ದಾಟಿಸುತ್ತದೆ. ಬೋಲ್ಟು ಗೂಟದಂತೆ ತಳ್ಳತೊಡಗಿತೆಂದರೆ ಜೋಡಣೆ ಆಗಲೇ ಕೆಟ್ಟಿದೆ ಎಂದರ್ಥ.

ಕಲಿಕೋಪಕರಣ ಸರಳ. ಎರಡು ಪ್ಲೈವುಡ್ ಬಿಲ್ಲೆ, ಹಾರ್ಡ್‌ವೇರ್ ಅಂಗಡಿಯ ನಾಲ್ಕು ಬೋಲ್ಟು-ನಟ್ಟು, ಒಂದು ಸ್ಪ್ಯಾನರ್, ಉಗುರಿನ ಬಣ್ಣ. ಬಿಲ್ಲೆಯ ತೂತುಗಳು ಬೋಲ್ಟಿಗಿಂತ ತುಸು ದೊಡ್ಡದಿರಬೇಕು, ಇಲ್ಲವಾದರೆ ಪ್ರಯೋಗ ಕೆಲಸ ಮಾಡದು. ಎರಡೂ ಬಿಲ್ಲೆಗಳ ಅಂಚಿಗೆ ಅಡ್ಡಲಾಗಿ ಒಂದು ಗೆರೆ ಎಳೆದು, ಬೋಲ್ಟು ಬಿಗಿ ಮಾಡಿ, ಇಬ್ಬರು ಮಕ್ಕಳಿಗೆ ಎದುರುಬದುರಾಗಿ ತಿರುಚಲು ಹೇಳಿದೆ. ಗೆರೆ ಕದಲಲಿಲ್ಲ. ಪ್ರತಿ ನಟ್ಟನ್ನೂ ಒಂದು ಸುತ್ತು ಸಡಿಲಿಸಿ ಮತ್ತೆ ತಿರುಚಿಸಿದೆ. ಬಿಲ್ಲೆ ಜಾರಿ ಬೋಲ್ಟಿಗೆ ಬಡಿಯಿತು, ಗೆರೆ ಮುರಿಯಿತು, ‘ಟಕ್’ ಎಂಬ ಸದ್ದೂ ಕೇಳಿತು. “ಗೇರ್ ಹಾಕಿದಾಗ ನಮ್ಮ ವ್ಯಾನಲ್ಲೂ ಹಿಂಗೇ ಟಕ್ ಅನ್ನುತ್ತೆ” ಎಂದಳು ಒಬ್ಬಳು. ಆ ಸದ್ದಿಗೆ ಸವೆದ ಕ್ರಾಸ್ ಕೂಡ ಕಾರಣವಿರಬಹುದು. ಅದನ್ನು ಹೇಳಿ, ಮನೆಯಲ್ಲಿ ತಿಳಿಸಿ ವ್ಯಾನನ್ನು ಗ್ಯಾರೇಜಿನಲ್ಲಿ ತೋರಿಸುವಂತೆ ಹೇಳಿಸಬೇಕೆಂದೆ. ಪಾಠದ ಬಿರುಸಿನಲ್ಲಿ ಇಂಥ ಮಾತನ್ನು ದಾಟಿ ಮುಂದೆ ಹೋಗಬಾರದು.

ಮುಂದಿನ ಹಂತದಲ್ಲಿ ನಟ್ಟು ಮತ್ತು ಬಿಲ್ಲೆಯ ಮೇಲೆ ಒಂದೇ ಗೆರೆಯಾಗುವಂತೆ ಉಗುರಿನ ಬಣ್ಣ ಹಚ್ಚಿ, ಅರ್ಧ ಬಿಗಿ ಇರುವಾಗ ಬಿಲ್ಲೆಗಳನ್ನು ಎಡಬಲಕ್ಕೆ ಪದೇ ಪದೇ ಆಡಿಸಿದೆವು. ಯಾರೂ ಮುಟ್ಟದಿದ್ದರೂ ನಟ್ಟು ತಾನೇ ತಿರುಗಿತು. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳ ಸಾರ ಇದೇ: ಬೋಲ್ಟನ್ನು ಸಡಿಲಗೊಳಿಸುವುದರಲ್ಲಿ ಉದ್ದುದ್ದದ ಎಳೆತಕ್ಕಿಂತ ಅಡ್ಡಡ್ಡ ಜಾರುವಿಕೆಯ ಪಾಲು ದೊಡ್ಡದು. ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಶಾಫ್ಟಿನ ಮೇಲಿನ ಬಲ ದಿಕ್ಕು ಬದಲಿಸುತ್ತದೆ. ಸಿಗ್ನಲ್ಲು, ಹಂಪುಗಳ ನಡುವೆ ಓಡುವ ವ್ಯಾನಿಗೆ ಇದು ದಿನಕ್ಕೆ ಎಷ್ಟು ಸಲವೋ!

ಶಿಕ್ಷಕರ ತಿಳಿವಿಗಾಗಿ ಒಂದು ಲೆಕ್ಕ. ಇವು ಉದಾಹರಣೆಯ ಅಂಕಿಗಳು, ನಿಜವಾದ ಬಿಗಿತ ಆಯಾ ವಾಹನದ ಕೈಪಿಡಿಯಲ್ಲೇ ಸಿಗಬೇಕು. 8 ಮಿ.ಮೀ. ಬೋಲ್ಟನ್ನು 25 ನ್ಯೂಟನ್ ಮೀಟರ್ ಬಿಗಿ ಮಾಡಿದರೆ, ಟಾರ್ಕನ್ನು ವ್ಯಾಸ ಮತ್ತು 0.2ರ ಗುಣಲಬ್ಧದಿಂದ ಭಾಗಿಸುವ ರೂಢಿಯ ಸೂತ್ರದಂತೆ, ಒತ್ತುಬಲ ಸುಮಾರು 15,600 ನ್ಯೂಟನ್. ನಾಲ್ಕು ಬೋಲ್ಟಿಗೆ ಸುಮಾರು 62,500. ಘರ್ಷಣಾ ಗುಣಾಂಕ 0.15, ಬೋಲ್ಟುಗಳ ವೃತ್ತದ ತ್ರಿಜ್ಯ 4 ಸೆಂ.ಮೀ. ಎಂದುಕೊಂಡರೆ ಜೋಡಣೆ ಸುಮಾರು 375 ನ್ಯೂಟನ್ ಮೀಟರ್ ತಡೆಯಬಲ್ಲದು. 60 ನ್ಯೂಟನ್ ಮೀಟರ್ ಕೊಡುವ ಎಂಜಿನ್ ಮೊದಲ ಗೇರಿನಲ್ಲಿ ಮೂರೂವರೆ ಪಟ್ಟಾದರೆ ಶಾಫ್ಟಿಗೆ ಬರುವುದು 210. ಒಂದು ಬೋಲ್ಟು ಸಡಿಲವಾದರೂ 281 ಉಳಿಯುತ್ತದೆ, ಚಾಲಕನಿಗೆ ಏನೂ ತಿಳಿಯುವುದಿಲ್ಲ. ಎರಡು ಹೋದರೆ 187, ಜಾರುವಿಕೆ ಶುರು. ಗಾಡಿ ಚೆನ್ನಾಗಿಯೇ ಓಡುತ್ತಿರುವಾಗ ಬೋಲ್ಟು ನೋಡಬೇಕಾದದ್ದು ಏಕೆಂಬುದಕ್ಕೆ ಇಷ್ಟು ಸಾಕು.

ಹತ್ತಿರದ ಗ್ಯಾರೇಜಿಗೆ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಎಂಟೆಂಟು ಮಕ್ಕಳಂತೆ ಕರೆದೊಯ್ದೆ. ಲಿಫ್ಟಿನ ಮೇಲಿದ್ದ ಗಾಡಿಯ ಕೆಳಗೆ ಹೋದದ್ದು ಮೆಕ್ಯಾನಿಕ್ ಒಬ್ಬರೇ, ಮಕ್ಕಳು ಹಳದಿ ಗೆರೆಯ ಆಚೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದೆಂಬುದನ್ನು ಮೊದಲೇ ಹೇಳಿದ್ದೆ. “ಸ್ಪ್ಯಾನರ್ ಹಾಕೋಕೆ ಮುಂಚೆ ಕಣ್ಣು ಹಾಕ್ಬೇಕು ಸರ್” ಎಂದರು ಅವರು. ಬೋಲ್ಟಿನ ತಲೆಯ ಸುತ್ತ ತುಕ್ಕಿನ ಬಣ್ಣದ ಪುಡಿ ಇದ್ದರೆ ಒಳಗೆ ಲೋಹ ಉಜ್ಜುತ್ತಿದೆ. ಬಣ್ಣದ ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ. ಶಾಫ್ಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಚಿದಾಗ ಫ್ಲ್ಯಾಂಜುಗಳ ನಡುವೆ ಆಟ ಇರಕೂಡದು. ಕೊನೆಗೆ ಟಾರ್ಕ್ ರೆಂಚು, ಎದುರು ಬದುರು ಬೋಲ್ಟುಗಳ ಕ್ರಮದಲ್ಲಿ.

“ಅಣ್ಣಾ, ಇನ್ನೂ ಜೋರಾಗಿ ಬಿಗಿ ಮಾಡಿದ್ರೆ ಒಳ್ಳೇದಲ್ವಾ?” ಎಂದ ಒಬ್ಬ ಹುಡುಗ. ಅಪ್ಪ ಟೆಂಪೋ ಓಡಿಸುವ ಮನೆಯವನು, ತರಗತಿಯಲ್ಲಿ ಬಾಯಿ ಬಿಟ್ಟದ್ದು ಕಡಿಮೆ. ಮೆಕ್ಯಾನಿಕ್ ಎಳೆ ಕಿತ್ತುಹೋದ ಬೋಲ್ಟೊಂದನ್ನು ಅವನ ಕೈಗೆ ಕೊಟ್ಟರು. ಬೋಲ್ಟು ಸ್ಪ್ರಿಂಗಿನಂತೆ ತುಸು ಹಿಗ್ಗಿ ಹಿಡಿಯುತ್ತದೆ, ಮಿತಿ ಮೀರಿದರೆ ಹಿಗ್ಗಿದ್ದು ಹಿಂದಕ್ಕೆ ಬರುವುದಿಲ್ಲ. ಇದಕ್ಕೆ ನಾನು ತರಗತಿಯಲ್ಲಿ ಒಂದು ಮಾತು ಸೇರಿಸಿದೆ: ಸ್ಪ್ಯಾನರಿಗೆ ಕೊಟ್ಟ ಶ್ರಮದಲ್ಲಿ ಹತ್ತಕ್ಕೆ ಒಂಬತ್ತು ಪಾಲು ತಲೆಯ ಕೆಳಗಿನ ಮತ್ತು ಎಳೆಗಳ ಘರ್ಷಣೆಗೇ ಹೋಗುತ್ತದೆ, ಹಿಗ್ಗಿಸಲು ಉಳಿಯುವುದು ಸುಮಾರು ಒಂದು ಪಾಲು. ಎಳೆಗೆ ಎಣ್ಣೆ ಹಚ್ಚಿದರೆ ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಹಿಗ್ಗುವುದು ಇದರಿಂದಲೇ.

ಮೌಲ್ಯಮಾಪನಕ್ಕೆ ಬಣ್ಣದ ಗೆರೆ ಮುರಿದ ಬೋಲ್ಟಿನ ಚಿತ್ರ ಕೊಟ್ಟು “ಈಗ ಏನು ಮಾಡುವಿರಿ, ಏಕೆ?” ಎಂದು ಎರಡು ಅಂಕಕ್ಕೆ ಕೇಳಿದೆ. ಬಹುಪಾಲು ಮಕ್ಕಳು “ಮತ್ತೆ ಬಿಗಿ ಮಾಡುತ್ತೇವೆ, ಘರ್ಷಣೆ ಹೆಚ್ಚುತ್ತದೆ” ಎಂದು ಬರೆದರು. ಪೂರ್ಣ ಅಂಕ ಕೊಡಬಹುದೆಂದು ನನ್ನ ಮಾರ್ಗದರ್ಶಕ ಶಿಕ್ಷಕರ ಅಭಿಪ್ರಾಯ, ಪಾಠದ ಉದ್ದೇಶ ಈಡೇರಿದೆಯಲ್ಲ ಎಂದು. ನಾನು ಒಪ್ಪಲಿಲ್ಲ. ಜಾರಿದ ಜೋಡಣೆಯಲ್ಲಿ ತೂತು ಅಂಡಾಕಾರವಾಗಿರಬಹುದು, ಎಳೆ ಸವೆದಿರಬಹುದು, ಬಿಚ್ಚಿ ನೋಡದೆ ಬಿಗಿ ಮಾಡಿದ್ದು ಮತ್ತೆ ಸಡಿಲವಾಗುತ್ತದೆ. ಟೆಂಪೋ ಮನೆಯ ಹುಡುಗ “ಬಿಚ್ಚಿ ತೂತು ನೋಡಬೇಕು, ಬೋಲ್ಟು ಹೊಸದು ಹಾಕಬೇಕು” ಎಂದಷ್ಟೇ ಬರೆದಿದ್ದ, ಘರ್ಷಣೆ ಎಂಬ ಪದವೇ ಅವನ ಉತ್ತರದಲ್ಲಿ ಇರಲಿಲ್ಲ. ಚರ್ಚೆಯ ಬಳಿಕ ಎರಡೂ ಬಗೆಯ ಉತ್ತರಕ್ಕೆ ಒಂದೊಂದು ಅಂಕ ಕೊಟ್ಟು, ಉಳಿದ ಒಂದು ಅಂಕದ ಭಾಗವನ್ನು ಜೋಡಿಗಳಲ್ಲಿ ಕೂತು ಒಬ್ಬರದನ್ನು ಒಬ್ಬರು ಓದಿ ಬರೆಯಲು ಮರುದಿನದ ಅವಧಿ ಬಿಟ್ಟುಕೊಟ್ಟೆವು.