ಗಾಜಿನಲ್ಲಿ ಕಂಡ ಕತೆ

ಫ್ರಾನ್ಸ್ ದೇಶದಲ್ಲಿ ಶಾರ್ತ್ರ್ ಎಂಬ ಊರಿದೆ. ರಾಜಧಾನಿ ಪ್ಯಾರಿಸ್‌ನಿಂದ ಸುಮಾರು 90 ಕಿಲೋಮೀಟರ್ ದೂರ. ಅಲ್ಲೊಂದು ದೊಡ್ಡ ಚರ್ಚಿದೆ. ಬಿಷಪ್ಪರ ಪೀಠ ಇರುವ ಚರ್ಚಿಗೆ ಕೆಥೆಡ್ರಲ್ ಅಂತಾರೆ.

ಇದು ಯೇಸುವಿನ ತಾಯಿ ಮೇರಿಯ ಹೆಸರಿನ ಚರ್ಚು. ಇಲ್ಲೊಂದು ರೇಷ್ಮೆ ಬಟ್ಟೆ ಇದೆ. ಯೇಸು ಹುಟ್ಟಿದಾಗ ತಾಯಿ ಇದನ್ನೇ ತೊಟ್ಟಿದ್ದಳು ಎಂಬುದು ಭಕ್ತರ ನಂಬಿಕೆ. ಅದಕ್ಕಾಗಿ ದೂರದೂರದಿಂದ ಜನ ನಡೆದು ಬರುತ್ತಿದ್ದರು. ಮೇರಿಯ ಹಬ್ಬಗಳಲ್ಲಿ ಜಾತ್ರೆ ಸೇರುತ್ತಿತ್ತು. ವ್ಯಾಪಾರವೂ ಜೋರಾಗಿ ನಡೆಯುತ್ತಿತ್ತು.

1194ರ ಜೂನ್ ತಿಂಗಳು. ಒಂದು ರಾತ್ರಿ ಊರಿಗೆ ಬೆಂಕಿ ಬಿತ್ತು. ಚರ್ಚಿನ ಬಹುಭಾಗ ಸುಟ್ಟುಹೋಯಿತು. ಬಟ್ಟೆಯೂ ಹೋಯಿತು ಅಂತ ಜನ ಗೋಳಾಡಿದರು. ಮೂರು ದಿನದ ಮೇಲೆ ಅದನ್ನು ನೆಲಮಾಳಿಗೆಯಿಂದ ಹೊರಗೆ ತಂದರು. ಅದಕ್ಕೆ ಏನೂ ಆಗಿರಲಿಲ್ಲ! ಜನರಿಗೆ ಧೈರ್ಯ ಬಂತು. ಮೊದಲಿಗಿಂತ ಚಂದದ ಚರ್ಚು ಕಟ್ಟಲು ಹೊರಟರು. ಸುಮಾರು 30 ವರ್ಷದಲ್ಲಿ ಮುಖ್ಯ ಕಟ್ಟಡ ಎದ್ದು ನಿಂತಿತು. 1260ರಲ್ಲಿ ಪ್ರತಿಷ್ಠೆ ಆಯಿತು.

ಆಗ ಓದು ಬಲ್ಲವರು ಬಹಳ ಕಡಿಮೆ. ಪುಸ್ತಕಗಳನ್ನು ಕೈಯಲ್ಲೇ ಬರೆಯಬೇಕಿತ್ತು. ಬಡವರಿಗೆ ಅವು ಎಟುಕುತ್ತಿರಲಿಲ್ಲ. ಚರ್ಚಿನ ಕಿಟಕಿಗಳೇ ಅವರ ಪುಸ್ತಕ. ಬಣ್ಣದ ಗಾಜಿನ ಚೂರುಗಳನ್ನು ಸೀಸದ ಪಟ್ಟಿಯಿಂದ ಜೋಡಿಸಿ ಚಿತ್ರ ಮಾಡಿದ್ದಾರೆ. ಹೆಚ್ಚಿನ ಕಿಟಕಿಗಳ ಕತೆ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಅಲ್ಲಿ ಬರೀ ಸಂತರಿಲ್ಲ. ರೊಟ್ಟಿ ಸುಡುವವರು, ಚಪ್ಪಲಿ ಹೊಲಿಯುವವರು, ಬಡಗಿಗಳು, ನೀರು ಹೊರುವವರು ಕೂಡ ಇದ್ದಾರೆ. ದುಡಿಯುವ ಕೈಗಳಿಗೂ ಅಲ್ಲಿ ಜಾಗ ಸಿಕ್ಕಿದೆ.

1939ರಲ್ಲಿ ಮಹಾಯುದ್ಧ ಬಂತು. ಬಾಂಬಿಗೆ ಹೆದರಿ ಈ ಗಾಜುಗಳನ್ನು ಬಿಚ್ಚಿ ಬೇರೆ ಕಡೆ ಕಾಪಾಡಿದರು. ಯುದ್ಧ ಮುಗಿದ ಮೇಲೆ ಮತ್ತೆ ಕೂರಿಸಿದರು. ಇಂದಿಗೂ ಯಾತ್ರಿಕರು ಬರುತ್ತಾರೆ.

ಚರ್ಚಿನ ಬಾಗಿಲ ಮೇಲೆ ಒಂದು ಕಲ್ಲಿನ ಕೆತ್ತನೆ ಇದೆ. ಬೆಂಕಿಯಲ್ಲೂ ಅದು ಉಳಿಯಿತು. ನಾವು ವಿದ್ಯೆಗೆ ಸರಸ್ವತಿಯ ರೂಪ ಕೊಟ್ಟಿದ್ದೇವಲ್ಲ, ಹಾಗೆ ಅವರು ವ್ಯಾಕರಣವನ್ನು ಹೆಣ್ಣಾಗಿ ಕೆತ್ತಿದ್ದಾರೆ. ಅವಳ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಬೆತ್ತ. ಕಾಲ ಬಳಿ ಇಬ್ಬರು ಮಕ್ಕಳು ಕಲಿಯುತ್ತಿದ್ದಾರೆ.

ಆದರೆ ಆ ಬಾಗಿಲು ದಾಟಿ ಒಳಗೆ ಹೋದ ಎಷ್ಟೋ ಹೆಂಗಸರಿಗೆ ಅಕ್ಷರ ಗೊತ್ತಿರಲಿಲ್ಲ. ಚಿತ್ರದ ಅರ್ಥವನ್ನು ಬೇರೆಯವರು ಹೇಳಬೇಕಿತ್ತು. ಹೇಳಿದ್ದನ್ನು ನಂಬಬೇಕಿತ್ತು. ಅಕ್ಕಂದಿರೇ, ನೀವು ಈ ಕತೆಯನ್ನು ಯಾರ ಬಾಯಿಂದಲೂ ಕೇಳಲಿಲ್ಲ. ನೀವೇ ಓದಿದಿರಿ.

ಉತ್ತರ ಬರೆಯಿರಿ
1. ಚರ್ಚಿಗೆ ಬೆಂಕಿ ಬಿದ್ದದ್ದು ಯಾವಾಗ?
2. ಕಿಟಕಿಗಳಲ್ಲಿ ಯಾವ ಯಾವ ಕಸುಬಿನವರಿದ್ದಾರೆ?
3. ನಿಮ್ಮೂರ ಗುಡಿ, ಮಸೀದಿ, ಚರ್ಚಿನ ಗೋಡೆಯ ಮೇಲೆ ಏನು ಬರೆದಿದೆ? ಓದಿಕೊಂಡು ಬನ್ನಿ.