ಕಡಲಲ್ಲಿ ಕಂಡ ಅಕ್ರಮಕ್ಕೆ ಯಾರ ಬಾಗಿಲು ತಟ್ಟಬೇಕು?

ಮಲ್ಪೆಯಿಂದಲೋ ಗಂಗೊಳ್ಳಿಯಿಂದಲೋ ರಾತ್ರಿ ನಾಡದೋಣಿ ಇಳಿಸುವವರಿಗೆ ಈ ನೋಟ ಹೊಸದಲ್ಲ. ದೂರದ ನೀರಿನ ಮೇಲೆ ಜಾತ್ರೆಯಂಥ ಬೆಳಕು. ಬೋಟಿನಲ್ಲಿ ಜನರೇಟರ್ ಓಡುತ್ತಿರುತ್ತದೆ. ಸಾಲು ಎಲ್‌ಇಡಿ ದೀಪಗಳಿಗೆ ಮುತ್ತಿದ ಮೀನನ್ನು ಸುತ್ತ ಬಲೆ ಬಿಟ್ಟು ಎತ್ತುತ್ತಾರೆ. ಬೆಳಿಗ್ಗೆ ದಕ್ಕೆಗೆ ಬಂದ ಬುಟ್ಟಿಯಲ್ಲಿ ದೊಡ್ಡ ಬಂಗುಡೆಯ ಜೊತೆ ಬೆರಳುದ್ದದ ಮರಿಯೂ ಇರುತ್ತದೆ. ಯಾರ ತಟ್ಟೆಗೂ ಬೇಡದ ಆ ಮರಿ ಫಿಶ್‌ಮೀಲ್ ಕಾರ್ಖಾನೆ ಸೇರುತ್ತದೆ. ಮೊಟ್ಟೆಯಿಟ್ಟು ಸಂತಾನ ಬೆಳೆಸಬೇಕಿದ್ದ ಮೀನು ಅದು. ಸಾಲ ಮಾಡಿ ಬಲೆ ಕೊಂಡ ಸಣ್ಣ ದೋಣಿಯವರ ಮನೆಗೆ ಮತ್ಸ್ಯಕ್ಷಾಮ ಬರುವುದು ಹೀಗೆ.

ಇದು ಕಾನೂನುಬಾಹಿರ. ಬೆಳಕು ಮೀನುಗಾರಿಕೆಯನ್ನೂ ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಅನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು; ರಾಜ್ಯದ ನಿಷೇಧವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳೂ 10 ಅಶ್ವಶಕ್ತಿ ಮೀರಿದ ಎಂಜಿನ್ ದೋಣಿಗಳೂ ಕಡಲಿಗಿಳಿಯುವಂತಿಲ್ಲ. ಇಳಿದರೆ 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯಡಿ ದಂಡ. ಜೊತೆಗೆ ಒಂದು ವರ್ಷ ಕರರಹಿತ ಡೀಸೆಲ್ ಇಲ್ಲ ಎಂದು ಆದೇಶಗಳಲ್ಲೇ ಬರೆದಿರುತ್ತದೆ. ಬೋಟಿನ ಮಾಲೀಕರಿಗೆ ದಂಡಕ್ಕಿಂತ ಡೀಸೆಲ್ ಪೆಟ್ಟೇ ಜೋರು ಎಂದು ನನಗನಿಸುತ್ತದೆ.

ಕಡಲ ಅಕ್ರಮ ಹೊಟ್ಟೆಪಾಡಿನ ಮಾತಷ್ಟೇ ಅಲ್ಲ, ಭದ್ರತೆಯ ಮಾತೂ ಹೌದು. 2008ರ ನವೆಂಬರ್‌ನಲ್ಲಿ ಮುಂಬೈಗೆ ಬಂದ ಉಗ್ರರು ಅಪಹರಿಸಿದ್ದು ಪೋರಬಂದರಿನ 'ಕುಬೇರ್' ಎಂಬ ಮೀನುಗಾರಿಕಾ ಬೋಟನ್ನು. ನೂರಾರು ಬೋಟುಗಳ ನಡುವೆ ಅದೂ ಒಂದು ಬೋಟಾಗಿಯೇ ಕಂಡಿತು. ನೋಂದಣಿ ಸಂಖ್ಯೆ ಅಳಿಸಿಕೊಂಡು, ಗುರುತಿನ ಚೀಟಿಯಿಲ್ಲದ ಆಳುಗಳನ್ನಿಟ್ಟುಕೊಂಡು ತಿರುಗುವ ಬೋಟು ಕಾವಲಿನ ಕಣ್ಣನ್ನೇ ಮಂಕು ಮಾಡುತ್ತದೆ. ಅಂಥ ಬೋಟು ಕಂಡರೆ ಕರಾವಳಿ ಕಾವಲು ಪೊಲೀಸರ 1093ಕ್ಕೆ ಕರೆ ಮಾಡಿ. ಕಡಲಲ್ಲಿ ಜೀವಾಪಾಯವಿದ್ದರೆ ಕೋಸ್ಟ್ ಗಾರ್ಡಿನ 1554 ಇದೆ.

ಮೀನುಗಾರಿಕೆಯ ದೂರಿಗೆ ಮೊದಲು ನೋಡಬೇಕಾದದ್ದು ದೂರ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ರಾಜ್ಯದ ಪಾಲು. ಅಲ್ಲಿಂದ 200 ನಾಟಿಕಲ್ ಮೈಲಿವರೆಗೆ ಕೇಂದ್ರದ್ದು. ಎಷ್ಟು ದೂರವೆಂದು ಖಚಿತವಿಲ್ಲದಿದ್ದರೂ ದೂರು ನಿಲ್ಲಿಸಬೇಡಿ. ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರಿಗೆ ಬರೆದು, ಜಿಲ್ಲಾ ಕಚೇರಿಗೂ ಕರಾವಳಿ ಕಾವಲು ಠಾಣೆಗೂ ಪ್ರತಿ ಕಳಿಸಿ. ದಿನಾಂಕ, ಗಂಟೆ, ಜಿಪಿಎಸ್ ತೋರಿಸಿದ ಅಂಕಿ, ಬೋಟಿನ ಬಣ್ಣ ಮತ್ತು ಸಂಖ್ಯೆ ಇರಲಿ. ಸಂಖ್ಯೆಯಲ್ಲಿ 'ಕೆಎ' ಇದ್ದರೆ ನಮ್ಮ ರಾಜ್ಯದ್ದು. ಫೋಟೊ ತೆಗೆದಿದ್ದರೆ ಮೂಲವನ್ನು ಮೊಬೈಲಿನಲ್ಲೇ ಉಳಿಸಿಕೊಳ್ಳಿ. ನಿಮ್ಮ ಪ್ರತಿಯ ಮೇಲೆ ಮೊಹರು, ಸಹಿ ಹಾಕಿಸದೆ ಕಚೇರಿಯಿಂದ ಹೊರಡಬೇಡಿ. ದಕ್ಕೆಯಲ್ಲಿ ಎಷ್ಟು ಕೂಗಿದರೂ ಕಡತದಲ್ಲಿ ಏನೂ ಉಳಿಯುವುದಿಲ್ಲ.

ಕೋಪದಲ್ಲಿ ಆ ಬೋಟನ್ನು ಅಡ್ಡಗಟ್ಟುವುದು, ಬಲೆ ಕತ್ತರಿಸುವುದು ಖಂಡಿತ ಬೇಡ. ನ್ಯಾಯ ನಿಮ್ಮ ಕಡೆಗಿದ್ದರೂ ಕೇಸು ನಿಮ್ಮ ಮೇಲೆ ಬೀಳುತ್ತದೆ.

ಬೋಟು ವಶವಾದವರಿಗೂ ಹಕ್ಕಿದೆ. ಮಹಜರಿನ ಪ್ರತಿ ಕೇಳಿ. ದಂಡ ಹಾಕುವ ಮೊದಲು ನಿಮ್ಮ ಮಾತು ಕೇಳಲೇಬೇಕು. ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸಬಹುದು.

ದೂರು ಕೊಟ್ಟೂ ಸದ್ದಿಲ್ಲದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನ ಗಡುವು. ಕೇಳಬೇಕಾದ್ದು ಇಷ್ಟೇ: ನನ್ನ ದೂರಿನ ಮೇಲೆ ಯಾವ ದಿನ ಯಾರು ತಪಾಸಣೆ ಮಾಡಿದರು, ಎಷ್ಟು ದಂಡ ಹಾಕಿದರು, ಆ ಬೋಟಿನ ಕರರಹಿತ ಡೀಸೆಲ್ ನಿಂತಿತೇ?